ಜಿಂಡಬೈನ್‌ಗೆ ಹೊರಟಿದ್ದೀರಾ? ಕೆಲಸಕ್ಕಿಂತ ಮೊದಲು ಮಂಚ ಹುಡುಕಿ

ಪ್ರತಿ ವರ್ಷ ಜೂನ್ ತಿಂಗಳ ಮೊದಲ ವಾರ ನನಗೆ ಒಂದೇ ತರಹದ ಫೋನ್ ಬರುತ್ತದೆ. "ಅಕ್ಕಾ, ಹೋಟೆಲ್ ಕೆಲಸ ಸಿಕ್ಕಿಬಿಡ್ತು. ಸೋಮವಾರದಿಂದ ಬಾ ಅಂದಿದಾರೆ. ಅಲ್ಲಿ ಇರೋಕೆ ಒಂದು ರೂಮು ಗೊತ್ತಾ?" ಗೊತ್ತಿಲ್ಲ ತಮ್ಮಾ. ಆ ಹೊತ್ತಿಗೆ ಆಸ್ಟ್ರೇಲಿಯಾದ ಈ ಹಿಮದ ಊರು ಜಿಂಡಬೈನ್‌ನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಹಿಮ ಎಲ್ಲಿಂದ ಬಂತು ಅಂತ ನಮ್ಮೂರಲ್ಲಿ ಕೇಳುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಸ್ನೋಯಿ ಬೆಟ್ಟಸಾಲಿನಲ್ಲಿ ಥ್ರೆಡ್ಬೊ, ಪೆರಿಷರ್ ಎಂಬ ಎರಡು ದೊಡ್ಡ ಸ್ಕೀ ತಾಣಗಳಿವೆ. ಅವುಗಳ ಬುಡದಲ್ಲಿ, ಕೆರೆಯ ದಂಡೆಯಲ್ಲಿ ಇರುವುದು ಜಿಂಡಬೈನ್. ಎತ್ತರ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ, 900 ಮೀಟರಿಗಿಂತ ಸ್ವಲ್ಪ ಜಾಸ್ತಿ. ಆದರೆ ಜುಲೈ ಅಂದರೆ ಅಲ್ಲಿ ಚಳಿಗಾಲ, ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿ. ಹಳೆಯ ಜಿಂಡಬೈನ್ 1960ರ ದಶಕದಲ್ಲಿ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಈಗಿನದು ಮೇಲೆ ಹೊಸದಾಗಿ ಕಟ್ಟಿದ ಊರು. 1949ರಲ್ಲಿ ಶುರುವಾದ ಆ ಜಲವಿದ್ಯುತ್ ಯೋಜನೆಗೆ ಮೂವತ್ತಕ್ಕೂ ಹೆಚ್ಚು ದೇಶಗಳ ಕೆಲಸಗಾರರು ಬಂದಿದ್ದರು. ಹೊರಗಿನಿಂದ ದುಡಿಯಲು ಬರುವವರು ಈ ಸೀಮೆಗೆ ಹೊಸಬರೇನಲ್ಲ.

ಓದು ಮುಗಿಸಿದ ಮೇಲೆ ನಾನು ಎರಡು ಚಳಿಗಾಲ ಅಲ್ಲಿ ದುಡಿದೆ. ಆಮೇಲೆ ಎಷ್ಟೋ ಹುಡುಗ ಹುಡುಗಿಯರು ಎಡವಿದ್ದನ್ನೂ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ವೀಸಾ

ಕೆಲಸ ಮಾಡಲು ಹಕ್ಕು ಇರುವ ವೀಸಾ ಕೈಯಲ್ಲಿ ಇರಬೇಕು. ವಿದ್ಯಾರ್ಥಿಗಳಿಗೆ ತರಗತಿ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಿತಿ. ರಜೆಯಲ್ಲಿ ಮಿತಿ ಇಲ್ಲ. ಆದರೆ ಜುಲೈ ರಜೆ ಕೆಲವೇ ವಾರ, ಹೋಟೆಲಿನವರಿಗೆ ಬೇಕಿರುವುದು ಇಡೀ ಸೀಸನ್. ಇದನ್ನು ಮುಚ್ಚಿಡಬೇಡಿ. ಶಾಲೆಗಳಿಗೆ ರಜೆ ಬರುವ ಜುಲೈ ಎರಡು ವಾರಕ್ಕೆ ಮಾತ್ರ ಜನ ಬೇಕಾದ ಜಾಗಗಳೂ ಇರುತ್ತವೆ. 2024ರಿಂದ ಭಾರತೀಯರಿಗೂ ಸುತ್ತಾಡುತ್ತಾ ದುಡಿಯಲು ಬಿಡುವ ವರ್ಕ್ ಅಂಡ್ ಹಾಲಿಡೇ ವೀಸಾ ಸಿಗುತ್ತಿದೆ. ವರ್ಷಕ್ಕೆ 1,000 ಜನಕ್ಕೆ, ಅದೂ ಲಾಟರಿಯಲ್ಲಿ. ವಯಸ್ಸು 18ರಿಂದ 30ರ ಒಳಗೆ ಇರಬೇಕು. ಲಾಟರಿಗೆ ಹೆಸರು ಹಾಕಲು 25 ಡಾಲರ್, ಅದನ್ನು ನೀವೇ ಹಾಕಬಹುದು. ಇದಕ್ಕೆ ಏಜೆಂಟರ ಕೈಗೆ ಲಕ್ಷ ಕೊಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

2. ಅರ್ಜಿ

ಫೆಬ್ರವರಿ, ಮಾರ್ಚ್‌ನಲ್ಲೇ ಹಾಕಿ. ಸೀಸನ್ ಶುರುವಾಗುವುದು ಜೂನ್ ತಿಂಗಳ ಲಾಂಗ್ ವೀಕೆಂಡಿಗೆ, ಮುಗಿಯುವುದು ಅಕ್ಟೋಬರ್ ಲಾಂಗ್ ವೀಕೆಂಡಿಗೆ.

ಯಾವ ಕೆಲಸ? ಸ್ಕೀ ಕಲಿಯುವ ಆಸೆ ಇದ್ದರೆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸವೇ ಸೈ. ನಗಬೇಡಿ. ಸಂಜೆ ನಾಲ್ಕರವರೆಗೆ ಬೆಟ್ಟ ನಿಮ್ಮದು, ಆಮೇಲೆ ಬಿಸಿನೀರಲ್ಲಿ ಕೈ ಬೆಚ್ಚಗೆ. ಹೌಸ್‌ಕೀಪಿಂಗ್ ಹಿಡಿದರೆ ಅತಿಥಿಗಳು ಹತ್ತಕ್ಕೆ ರೂಮು ಬಿಟ್ಟಾಗ ನಿಮ್ಮ ಓಟ ಶುರು, ಹಗಲು ಅಲ್ಲೇ ಮುಗಿಯಿತು. ಬಾರಿನಲ್ಲಿ, ಊಟದ ಹಾಲಿನಲ್ಲಿ ಮದ್ಯ ಬಡಿಸುವುದಾದರೆ ಆರ್‌ಎಸ್‌ಎ, ಅಂದರೆ ಜವಾಬ್ದಾರಿಯಿಂದ ಮದ್ಯ ಬಡಿಸಲು ಕಲಿಸುವ ಕೋರ್ಸಿನ ಸರ್ಟಿಫಿಕೇಟ್ ಬೇಕು. ಇಂಟರ್‌ನೆಟ್ಟಿನಲ್ಲಿ ಅಗ್ಗಕ್ಕೆ ಸಿಗುವ ಬೇರೆ ರಾಜ್ಯದ ಕೋರ್ಸ್ ತಗೊಂಡು ದುಡ್ಡು ಕಳೆದುಕೊಳ್ಳಬೇಡಿ. ನ್ಯೂ ಸೌತ್ ವೇಲ್ಸ್ ಸರ್ಕಾರ ಒಪ್ಪಿದ ಸಂಸ್ಥೆಯದ್ದೇ ಆಗಬೇಕು.

3. ಮನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಎಲ್ಲರೂ ಮಾಡುವ ತಪ್ಪು ಒಂದೇ. ಕೆಲಸ ಸಿಕ್ಕಮೇಲೆ ಮನೆ ನೋಡೋಣ ಅಂತ ಕೂರುವುದು. ಹೋಟೆಲುಗಳಿಗೆ ಜನ ಸಾಲದು, ಕೆಲಸ ಜೂನ್ ಕೊನೆಯಲ್ಲೂ ಸಿಗುತ್ತದೆ. ಇಲ್ಲದಿರುವುದು ಮಂಚ. ಹಾಗಾಗಿ ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು: "ಸಿಬ್ಬಂದಿಗೆ ವಸತಿ ಇದೆಯಾ? ನನಗೆ ಖಾಯಂ ಇದೆಯಾ, ಇಲ್ಲ ವೇಟಿಂಗ್ ಲಿಸ್ಟಾ?" ವಸತಿ ಕೊಡುವ ಕಡೆ ಗಂಟೆಗೆ ಒಂದೆರಡು ಡಾಲರ್ ಕಡಿಮೆ ಬಂದರೂ ಅದನ್ನೇ ಹಿಡಿಯಿರಿ. ಇದರಲ್ಲಿ ನನ್ನ ಹತ್ತಿರ ವಾದ ಮಾಡಬೇಡಿ.

ವಸತಿ ಇಲ್ಲ ಅಂದರೆ ಮಾರ್ಚ್‌ನಲ್ಲಿ, ತಡ ಅಂದರೆ ಏಪ್ರಿಲ್‌ನಲ್ಲಿ ಒಂದು ಶನಿವಾರ ಊರಿಗೇ ಹೋಗಿ ಬನ್ನಿ. ಕ್ಯಾನ್‌ಬೆರಾದಿಂದ ಎರಡೂವರೆ ಗಂಟೆ, ಸಿಡ್ನಿಯಿಂದ ಆರು ಗಂಟೆ ದಾರಿ. ಸೂಪರ್‌ಮಾರ್ಕೆಟ್ಟಿನ ನೋಟಿಸ್ ಬೋರ್ಡ್ ನೋಡಿ, ಬಾಡಿಗೆ ಏಜೆಂಟರ ಬಾಗಿಲು ತಟ್ಟಿ. ಫೋಟೊ ನೋಡಿ ದುಡ್ಡು ಕಳಿಸಬೇಡಿ. ನಾನು ಮೊದಲ ವರ್ಷ ಕಳಿಸಿದ್ದೆ. ಫೋಟೊದಲ್ಲಿ ಕೆರೆ ಕಾಣುವ ಕಿಟಕಿ ಇತ್ತು. ಹೋಗಿ ನೋಡಿದರೆ ನನಗೆ ಕೊಟ್ಟಿದ್ದು ಗ್ಯಾರೇಜಿನಲ್ಲಿ ಪ್ಲೈವುಡ್ ಹಲಗೆ ಹೊಡೆದು ಮಾಡಿದ ಕೋಣೆ. ಕಿಟಕಿಯೇ ಇಲ್ಲ.

ಮನೆ ನೋಡುವಾಗ ಗೋಡೆಯ ಬಣ್ಣ ನೋಡಬೇಡಿ. ಮೊದಲು ಹೀಟರ್ ಯಾವುದು ಕೇಳಿ. ಕೋಣೆಗೊಂದು ಪ್ಲಗ್ ಹೀಟರ್ ಅಂದರೆ ಕರೆಂಟ್ ಬಿಲ್ಲಿಗೆ ಅರ್ಧ ಸಂಬಳ. ಬಿಲ್ ಬಾಡಿಗೆಯಲ್ಲಿ ಸೇರಿದೆಯಾ, ಬರೆಸಿಕೊಳ್ಳಿ. ಆಮೇಲೆ ಬಚ್ಚಲಿಗೆ ಹೋಗಿ ಬಿಸಿನೀರಿನ ಟ್ಯಾಂಕಿನ ಅಳತೆ ನೋಡಿ. ಎಂಟು ಜನಕ್ಕೆ ಒಂದು ಸಣ್ಣ ಟ್ಯಾಂಕ್ ಇದ್ದರೆ ಐದನೆಯವರಿಂದ ತಣ್ಣೀರು ಸ್ನಾನ. ಹೊರಗೆ ಸೊನ್ನೆಗಿಂತ ಕೆಳಗೆ. ಒದ್ದೆ ಬಟ್ಟೆ, ಬೂಟು ಒಣಗಿಸಲು ಜಾಗ ಇದೆಯಾ? ಇಲ್ಲದಿದ್ದರೆ ಎಲ್ಲರೂ ಮಲಗುವ ಕೋಣೆಯಲ್ಲೇ ಹರವುತ್ತಾರೆ. ಕಿಟಕಿ ಬೆವರುತ್ತದೆ, ಜುಲೈ ಮುಗಿಯುವುದರೊಳಗೆ ಮೂಲೆಯಲ್ಲಿ ಬೂಷ್ಟು.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ರೂಮಿನಲ್ಲಿ ಜೊತೆಗಿರುವವರ ಪಾಳಿ ಯಾವುದು? ನಿಮಗೆ ಬೆಳಗಿನ ಐದರ ತಿಂಡಿ ಪಾಳಿ, ಅವರಿಗೆ ಬಾರ್ ಮುಚ್ಚುವ ಪಾಳಿ ಇದ್ದರೆ ಇಬ್ಬರಿಗೂ ನಿದ್ದೆ ಇಲ್ಲ. ತುಂಬಾ ಒಳ್ಳೆಯ ಗೆಳತಿಯರೇ ಇದೊಂದಕ್ಕೆ ಮಾತು ಬಿಟ್ಟಿದ್ದಾರೆ.

ಮುಂಗಡದ ಬಗ್ಗೆ: ಸರಿಯಾದ ಬಾಡಿಗೆ ಕರಾರು ಮಾಡಿಕೊಂಡರೆ ಬಾಂಡ್ ಅಂತ ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಸರ್ಕಾರದ ಖಾತೆಯಲ್ಲಿ ಜಮಾ ಆಗಬೇಕು. ಕೈಗೆ ನಗದು ಕೊಡಿ ಅನ್ನುವವರಿಗೆ ನಮಸ್ಕಾರ ಹೇಳಿ ಬನ್ನಿ. ಜಿಂಡಬೈನ್‌ನಲ್ಲಿ ಏನೂ ಸಿಗದಿದ್ದರೆ ಬೆರಿಡೇಲ್ ನೋಡಿ, ಆಮೇಲೆ 60 ಕಿಲೋಮೀಟರ್ ದೂರದ ಕೂಮಾ. ಕಾರು ಇಲ್ಲದೆ ಕೂಮಾ ಬೇಡ. ಕಾರಿನಲ್ಲೇ ಮಲಗಿ ಸೀಸನ್ ಕಳೆಯುತ್ತೇನೆ ಅನ್ನುವ ಧೀರರೂ ಪ್ರತಿ ವರ್ಷ ಇರುತ್ತಾರೆ. ಸುಮ್ನೆ ಕಾಯಿಲೆ ತರಿಸಿಕೊಳ್ಳುವ ದಾರಿ.

ಸಿಬ್ಬಂದಿ ವಸತಿಯಲ್ಲಿ ಒಗ್ಗರಣೆ ಹಾಕುವ ಮೊದಲು ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಕಾರಿಡಾರಿನ ಬಾಗಿಲು ಮುಚ್ಚಿ. ಒಣಮೆಣಸಿನಕಾಯಿ ಘಾಟಿಗೆ ಬೆಂಕಿ ಅಲಾರಂ ಹೊಡೆದರೆ ಅಗ್ನಿಶಾಮಕ ದಳ ಬರುತ್ತದೆ. ಸುಳ್ಳು ಕರೆಯ ಬಿಲ್ ಸಾವಿರ ಡಾಲರಿಗೂ ಮೇಲೆ. ಸಾರಿನ ಪುಡಿ, ತೊಗರಿಬೇಳೆಯನ್ನು ಕ್ಯಾನ್‌ಬೆರಾದಲ್ಲೇ ಕೊಂಡು ಹೋಗಿ.

4. ಬಟ್ಟೆ

ಹತ್ತಿ ಬನಿಯನ್, ಜೀನ್ಸ್ ಮನೆಯಲ್ಲೇ ಬಿಡಿ. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ಕೊರೆಯುತ್ತದೆ. ಮೇ ತಿಂಗಳಲ್ಲಿ ಆಲ್ಡಿ ಅಂಗಡಿಯಲ್ಲಿ ಹಿಮದ ಬಟ್ಟೆಗಳ ಮಾರಾಟ ಇರುತ್ತದೆ, ಜನ ಬೆಳಗ್ಗೆಯೇ ಸಾಲು ನಿಲ್ಲುತ್ತಾರೆ. ಥರ್ಮಲ್, ಉಣ್ಣೆ ಸಾಕ್ಸ್ ಅಲ್ಲೇ ತಗೊಳ್ಳಿ. ಭಾರಿ ಜಾಕೆಟ್ಟಿಗೆ ದುಡ್ಡು ಸುರಿಯಬೇಡಿ, ಹೋಟೆಲ್ ಒಳಗೆ ಹೀಟರ್ ಉರಿಯುತ್ತಿರುತ್ತದೆ, ಹಾಸಿಗೆ ಬದಲಾಯಿಸುವಾಗ ಬೆವರೇ ಬರುತ್ತದೆ. ದುಡ್ಡು ಹಾಕಬೇಕಾದ್ದು ಬೂಟಿಗೆ. "ವಾಟರ್ ರೆಸಿಸ್ಟೆಂಟ್" ಅಂತ ಬರೆದಿರುವ ಅಗ್ಗದ ಬೂಟು ಎರಡನೇ ದಿನವೇ ನೀರು ಕುಡಿಯುತ್ತದೆ. "ವಾಟರ್‌ಪ್ರೂಫ್" ಅಂತಲೇ ಇರಬೇಕು.

5. ಕಾರು ಇದ್ದರೆ

ಸೀಸನ್ನಿನಲ್ಲಿ ಬೆಟ್ಟದ ರಾಷ್ಟ್ರೀಯ ಉದ್ಯಾನದೊಳಗೆ ಎರಡು ಚಕ್ರಕ್ಕೆ ಮಾತ್ರ ಎಂಜಿನ್ ಬಲ ಇರುವ ಕಾರಿನಲ್ಲಿ ಹಿಮದ ಚೈನ್ ಇಟ್ಟುಕೊಳ್ಳುವುದು ಕಡ್ಡಾಯ. ಕೊಂಡು ಡಿಕ್ಕಿಯಲ್ಲಿ ಹಾಕಿದರೆ ಸಾಲದು. ಮನೆ ಮುಂದೆ, ಬಿಸಿಲಿನಲ್ಲಿ, ಎರಡು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿ. ಡೀಸೆಲ್ ಕಾರಾದರೆ ಸಿಡ್ನಿಯಲ್ಲಿ ಟ್ಯಾಂಕ್ ಭರ್ತಿ ಮಾಡಬೇಡಿ, ಆ ಡೀಸೆಲ್ ಚಳಿಗೆ ಗಟ್ಟಿಯಾಗುತ್ತದೆ. ಮೇಲೆ ಸಿಗುವ ಆಲ್ಪೈನ್ ಡೀಸೆಲ್ ಹಾಕಿಸಿ. ಮುಸ್ಸಂಜೆ ಕಾಂಗರೂ ಅಡ್ಡ ಬರುತ್ತವೆ, ನಿಧಾನ.

6. ಸಂಬಳ

ಜೂನ್‌ನಲ್ಲಿ ಹಿಮ ಬೀಳದಿದ್ದರೆ ಪಾಳಿಯೂ ಇಲ್ಲ. ವಾರಕ್ಕೆ ಹತ್ತು ಗಂಟೆ ಸಿಕ್ಕರೆ ಹೆಚ್ಚು. ಮೊದಲ ನಾಲ್ಕು ವಾರದ ಬಾಡಿಗೆ, ಊಟಕ್ಕೆ ಬೇಕಾದಷ್ಟು ಕೈಯಲ್ಲಿ ಇಟ್ಟುಕೊಂಡೇ ಹೋಗಿ. 2025ರ ಜುಲೈಯಲ್ಲಿ ಕ್ಯಾಶುವಲ್ (ಖಾಯಂ ಅಲ್ಲದ, ಗಂಟೆ ಲೆಕ್ಕದ) ಕೆಲಸಕ್ಕೆ ದೇಶದ ಕನಿಷ್ಠ ಕೂಲಿ ಗಂಟೆಗೆ 31.19 ಡಾಲರ್ ಆಯಿತು, ಪ್ರತಿ ಜುಲೈಗೆ ಇದನ್ನು ಪರಿಷ್ಕರಿಸುತ್ತಾರೆ. 20 ಡಾಲರ್ ನಗದು ಕೊಡ್ತೀನಿ, ಸ್ಲಿಪ್ಪು ಗಿಪ್ಪು ಏನೂ ಬೇಡ ಅನ್ನುವವರು ನಮ್ಮವರೇ ಆದರೂ ಬೇಡ.

ಸಂಬಳದ ಮೇಲೆ ಮಾಲೀಕರು 12% ಸೂಪರ್ ಕಟ್ಟುತ್ತಾರೆ, ಅದು ನಮ್ಮ ಪಿಎಫ್ ಇದ್ದ ಹಾಗೆ. ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಅರ್ಜಿ ಹಾಕಿ ತಗೊಳ್ಳಬಹುದು. ವರ್ಕ್ ಅಂಡ್ ಹಾಲಿಡೇ ವೀಸಾದವರಿಗೆ ಅದರಲ್ಲಿ 65% ತೆರಿಗೆ ಹೋಗುತ್ತದೆ. ಉಳಿದದ್ದನ್ನು ಬಿಡಬೇಡಿ. ಒಂದು ಕೆಲಸ ಮಾತ್ರ ಹೊರಡುವ ಮೊದಲೇ ಮಾಡಿ: ಆ ಖಾತೆಗೆ ನಿಮ್ಮ ಇಮೇಲ್, ಊರಿನ ಫೋನ್ ನಂಬರ್ ಸೇರಿಸಿ. ಇಲ್ಲದಿದ್ದರೆ ಒಟಿಪಿ ಬರುವುದು ನೀವು ವಿಮಾನ ನಿಲ್ದಾಣದಲ್ಲಿ ಎಸೆದು ಬಂದ ಆ ಆಸ್ಟ್ರೇಲಿಯಾ ಸಿಮ್ಮಿಗೆ.