ವಯಸ್ಸು ಕೇಳುವುದನ್ನು ಬಿಟ್ಟೆ

ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಯವರ ಸಾಲು ಮನೆಗಳಿಗೆ, ನಾನು ಆಶಾ ಕಾರ್ಯಕರ್ತೆ. ಮೊದಲೆರಡು ವರ್ಷ ನಾನು ಮಾಡಿದ್ದು ಬರೀ ಭಾಷಣ. ಹದಿನೆಂಟು ತುಂಬದೆ ಮದುವೆ ಮಾಡಿದರೆ ಕೇಸು, ಜೈಲು ಅಂತ. ಹೆಂಗಸರು ತಲೆಯಾಡಿಸಿದರು. ಆಮೇಲೆ ಬಸುರಿ ಹುಡುಗಿಯರನ್ನು ನನ್ನಿಂದಲೇ ಬಚ್ಚಿಟ್ಟರು. ಹುಡುಗನ ಮೇಲೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸು, ಹಾಕುತ್ತಾರೆ ಅನ್ನೋ ಭಯ.

ಒಬ್ಬಳು ಕಣ್ಣಿಗೆ ಬಿದ್ದದ್ದೇ ಏಳನೇ ತಿಂಗಳಲ್ಲಿ. ತಾಯಿ ಕಾರ್ಡಿಗೆ ವಯಸ್ಸು ಕೇಳಿದರೆ ಅತ್ತೆ "ಹತ್ತೊಂಬತ್ತು" ಅಂದಳು. ಶಾಲೆ ಯಾವಾಗ ಬಿಟ್ಟೆ ಅಂತ ಸುಮ್ನೆ ಕೇಳಿದೆ. "ಹೋದ ವರ್ಷ, ಒಂಬತ್ತನೇ ಕ್ಲಾಸು" ಅಂತ ಹುಡುಗಿ ಹೇಳಿಬಿಟ್ಟಳು. ಹಿಮೋಗ್ಲೋಬಿನ್ ಏಳೂ ಇರಲಿಲ್ಲ, ತೀರಾ ರಕ್ತಹೀನತೆ. ಹುಟ್ಟಿದ ಮಗು ಎರಡು ಕೆಜಿ ತೂಗಲಿಲ್ಲ.

ಅಲ್ಲಿಂದ ನಾನು ವಯಸ್ಸು ಕೇಳುವುದಿಲ್ಲ, ಶಾಲೆ ಕೇಳುತ್ತೇನೆ. ಉತ್ತರ ಹೆಚ್ಚುಕಮ್ಮಿ ಒಂದೇ. ಜನವರಿಯಲ್ಲಿ ರೊಬಸ್ಟಾ ಕುಯ್ಲು. ಕುಯ್ದಷ್ಟು ಕೆಜಿಗೆ ಕೂಲಿ, ಹಾಗಾಗಿ ಅಮ್ಮ ಬೆಳಗಾದರೆ ತೋಟದಲ್ಲಿ. ಕೈಗೂಸು ನೋಡಿಕೊಳ್ಳಲು ದೊಡ್ಡ ಮಗಳು ಮನೆಯಲ್ಲಿ. ಎರಡು ತಿಂಗಳು ಹಾಜರಿ ಹೋಯಿತು ಅಂದರೆ ತಿರುಗಿ ಹೋಗಲು ನಾಚಿಕೆ. ಇನ್ನು ಕೆಲವರ ಮನೆಯಲ್ಲಿ ಆನೆ ಭಯ. ಬಸ್ಸಿಗೆ ತೋಟದೊಳಗೆ ಮೂರು ಕಿಲೋಮೀಟರ್ ನಡೆಯಬೇಕು, ಯಾರು ಕಳಿಸುತ್ತಾರೆ? ಮುಂದಿನ ಕುಯ್ಲಿಗೆ ಅವಳೂ ಚೀಲ ಹಿಡಿಯುತ್ತಾಳೆ. ಒಂದೇ ಕೋಣೆಯಲ್ಲಿ ಏಳು ಜನ. ಗಂಡ ಹೆಂಡತಿ ಜೋಡಿಯಾಗಿ ಕೆಲಸಕ್ಕೆ ಬಂದರೆ ಬೇರೆ ಲೈನ್ ಮನೆ, ಬೇರೆ ಒಲೆ. ಹದಿನಾರರ ಹುಡುಗಿಗೆ ಅದು ದೊಡ್ಡ ಆಸೆ. ನಾನಾದರೂ ಬೇಡ ಅನ್ನುತ್ತಿದ್ದೆನಾ, ಗೊತ್ತಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ ಸುಮಾರು 7 ಮಂದಿ ಆಗಲೇ ತಾಯಂದಿರು ಅಥವಾ ಬಸುರಿಯರು. ಶಾಲೆಗೇ ಹೋಗದವರಲ್ಲಿ 18. ನಮ್ಮ ಲೈನಿನಲ್ಲಿ ಕಂಡದ್ದೇ ಅಲ್ವಾ ಇದು!

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಹದಿಮೂರು ದಾಟಿದ ಹುಡುಗಿಯರ ಹೆಸರು, ಕ್ಲಾಸು, ಮನೆಯಲ್ಲಿ ಕೈಗೂಸು ಇದೆಯಾ ಅಂತ. ನವೆಂಬರಿನಲ್ಲೇ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಹೋಗುತ್ತೇನೆ. 50 ಹೆಂಗಸರು ದುಡಿಯುವ ತೋಟದಲ್ಲಿ ಶಿಶುಗೃಹ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ನಮ್ಮವು ಸಣ್ಣ ತೋಟಗಳು, ಅಷ್ಟು ಜನ ಎಲ್ಲಿ? ಬೇಡಿಕೊಂಡೇ ಆಗಬೇಕು. ಒಬ್ಬರು ಹಳೇ ಗೋದಾಮಿನ ಮೂಲೆ ಕೊಟ್ಟರು. ಕುಯ್ಲಿಗೆ ಹೋಗಲಾಗದ ಅಜ್ಜಿಯೊಬ್ಬರು ಅಲ್ಲಿ ಮಕ್ಕಳನ್ನು ನೋಡುತ್ತಾರೆ, ಅವರಿಗೆ ದಿನದ ಕೂಲಿ. ಬೆಳಿಗ್ಗೆ ಆಳುಗಳನ್ನು ಕರೆತರುವ ಜೀಪು ವಾಪಸಾಗುವಾಗ ಶಾಲೆ ಮಕ್ಕಳನ್ನು ಬಸ್‌ಸ್ಟಾಪಿಗೆ ಬಿಡುತ್ತದೆ.

ಹೋದ ಕುಯ್ಲಿಗೆ ಪುಸ್ತಕದಲ್ಲಿ 14 ಹೆಸರಿತ್ತು. ಮಾರ್ಚಿಗೆ 11 ಹುಡುಗಿಯರು ಶಾಲೆಯಲ್ಲೇ ಇದ್ದರು. ಉಳಿದವರಲ್ಲಿ ಒಬ್ಬಳು ಹುಣಸೂರು ಕಡೆ ಹೋಗಿದ್ದಾಳಂತೆ. ಅವಳ ಫೋನ್ ನಂಬರ್ ಇನ್ನೂ ಹುಡುಕುತ್ತಿದ್ದೇನೆ.