ಕಣ್ಣು ಮುಚ್ಚಿ ಆರಿಸಿಕೊಂಡ ಕೋವಿ

ಬಾತು ಬೇಟೆಯ ಮೊದಲ ಋತುವಿನಲ್ಲಿ ನನ್ನದು ಎನ್ನುವ ಕೋವಿ ನನ್ನ ಬಳಿ ಇರಲಿಲ್ಲ. ಪರವಾನಗಿ ಸಿಕ್ಕಿತ್ತು, ಸುರಕ್ಷತೆಯ ತರಬೇತಿ ಮುಗಿದಿತ್ತು. ಹಿರಿಯ ಬೇಟೆಗಾರರೊಬ್ಬರು ತಮ್ಮ ಹಳೆಯ 12 ಬೋರ್ ಕೋವಿಯನ್ನು ಎರವಲು ಕೊಟ್ಟರು. ಅವರು ನನಗಿಂತ ಒಂದು ಗೇಣು ಎತ್ತರ, ಕೋವಿಯೂ ಅವರ ಅಳತೆಯದೇ. ದಪ್ಪ ಜಾಕೆಟ್ ತೊಟ್ಟು ಜೊಂಡಿನ ಮರೆಯಲ್ಲಿ ಕುಳಿತಿದ್ದೆವು. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಒಂಟಿ ಗಂಡು ಮಲ್ಲಾರ್ಡ್ ಬಾತು ರೆಕ್ಕೆ ಬಾಗಿಸಿ, ನೀರಿನ ಮೇಲೆ ತೇಲಿಬಿಟ್ಟಿದ್ದ ಬೊಂಬೆ ಬಾತುಗಳತ್ತ ಇಳಿಯಿತು. ಎದ್ದು ಕೋವಿ ಎತ್ತಿದೆ. ಅದರ ಹಿಂಬದಿ ಕಂಕುಳ ಬಳಿ ಜಾಕೆಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಅವಸರದಲ್ಲಿ ಹೊಡೆದೆ. ಹಕ್ಕಿ ಒಂದು ಕಾಲನ್ನು ಜೋತುಬಿಟ್ಟುಕೊಂಡು ಜೊಂಡಿನಾಚೆ ಹಾರಿ ಮರೆಯಾಯಿತು. ಎರಡು ಗಂಟೆ ಕೆಸರು ತುಳಿದು ಹುಡುಕಿದೆವು. ಸಿಗಲಿಲ್ಲ.

ಆ ಜೋತುಬಿದ್ದ ಕಾಲು ಇಂದಿಗೂ ಕಣ್ಣ ಮುಂದಿದೆ. ಸ್ವಂತ ಕೋವಿ ಕೊಳ್ಳಲು ಹೊರಟಾಗ ನನ್ನೊಳಗೆ ಇದ್ದದ್ದು ಒಂದೇ ಪ್ರಶ್ನೆ: ಹಕ್ಕಿಯನ್ನು ನರಳಿಸದೆ ಒಂದೇ ಏಟಿಗೆ ಬೀಳಿಸಲು ನನಗೆ ಯಾವುದು ಬೇಕು?

ನಾನು ಮೊದಲು ಕೊಟ್ಟುಕೊಂಡ ಉತ್ತರ ತಪ್ಪಾಗಿತ್ತು. ಹೆಚ್ಚು ಶಕ್ತಿ ಇದ್ದರೆ ಸಾಕು ಎಂದುಕೊಂಡು ಮೂರೂವರೆ ಅಂಗುಲದ ತೋಟಾ ಹಿಡಿಯುವ 12 ಬೋರ್ ಕೋವಿಯನ್ನೇ ಕೇಳಲು ಹೋದೆ. ಆ ಉದ್ದದ ತೋಟಾ ಸುಮಾರು 43 ಗ್ರಾಂ ಚರೆಯನ್ನು, ಅಂದರೆ ಸಣ್ಣ ಗುಂಡುಗಳನ್ನು, ಎಸೆಯುತ್ತದೆ. ಅಷ್ಟೇ ಬಲವಾಗಿ ಹೆಗಲಿಗೆ ಒದೆಯುತ್ತದೆ ಕೂಡ. ಗುಂಡು ಹಾರಿಸುವ ಮೈದಾನದಲ್ಲಿ ಅಂಥ ಆರು ತೋಟಾ ಹಾರಿಸಿದೆ. ನಾಲ್ಕನೆಯದಕ್ಕಾಗಲೇ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕೆನ್ನೆ ಕೋವಿಯಿಂದ ಮೇಲೇಳುತ್ತಿತ್ತು. ಹೀಗೆ ಹೆದರಿ ಹೊಡೆಯುವವನ ಕೈಯಲ್ಲಿ ಹೆಚ್ಚಿನ ಚರೆಯಿಂದ ಹಕ್ಕಿಗೆ ಗಾಯವಾಗುವ ಸಾಧ್ಯತೆಯೇ ಹೆಚ್ಚು. ಮೂರು ಅಂಗುಲದ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಇರುವ ಕೋವಿ ಎರಡೂಮುಕ್ಕಾಲು ಅಂಗುಲದ ತೋಟಾವನ್ನೂ ತೆಗೆದುಕೊಳ್ಳುತ್ತದೆ. ಬಾತುಗಳಿಗೆ ಅದು ಧಾರಾಳವಾಗಿ ಸಾಕು. ಮೂರೂವರೆ ಅಂಗುಲದ ಆಸೆಯನ್ನು ಅಂದೇ ಬಿಟ್ಟೆ.

20 ಬೋರನ್ನೂ ಕೈಗೆತ್ತಿಕೊಂಡು ನೋಡಿದೆ. ಬೋರಿನ ಲೆಕ್ಕ ತಲೆಕೆಳಗು: ನಳಿಗೆಯ ಅಳತೆಯ ಹನ್ನೆರಡು ಸೀಸದ ಗುಂಡುಗಳು ಸೇರಿ ಒಂದು ಪೌಂಡ್ ತೂಗಿದರೆ ಅದು 12 ಬೋರ್, ಇಪ್ಪತ್ತು ಬೇಕಾದರೆ 20. ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 20 ಬೋರ್ ಹಗುರ, ಚುರುಕು. ಹತ್ತಿರದ ಹಕ್ಕಿಗೆ ಒಳ್ಳೆಯದು. ಆದರೆ ಬಾತು ಬೇಟೆಗೆ ಸೀಸದ ಬದಲು ಬಳಸುವ ಉಕ್ಕಿನ ಚರೆ (ಕಾರಣ ಮುಂದೆ ಹೇಳುತ್ತೇನೆ) ದಪ್ಪವಿರಬೇಕಾದ್ದರಿಂದ ಸಣ್ಣ ತೋಟಾದಲ್ಲಿ ಹಿಡಿಸುವ ಚರೆಗಳು ಕಡಿಮೆ. ಕಲಿಯುವವನಿಗೆ ಆ ಕೊರತೆ ಬೇಡವೆನಿಸಿ 12 ಬೋರಿಗೇ ನಿಂತೆ. ಮನೆಯಲ್ಲಿ ಎರಡೂ ಬೋರಿನ ಕೋವಿಗಳಿದ್ದರೆ ತೋಟಾಗಳು ಎಂದೂ ಒಂದೇ ಜೇಬಿಗೆ ಸೇರಬಾರದು. 20 ಬೋರಿನ ತೋಟಾ 12ರ ಚೇಂಬರ್ ದಾಟಿ ಒಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ಭಾವಿಸಿ ಹಿಂದೆ 12ರದ್ದನ್ನು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ.

ಇನ್ನು, ನನ್ನ ಆಯ್ಕೆಯನ್ನು ನಿಜವಾಗಿ ತೀರ್ಮಾನಿಸಿದ ವಿಷಯ. ಅಂಗಡಿಗೆ ನನ್ನ ಜೊತೆ ಬಂದಿದ್ದ ಅದೇ ಹಿರಿಯರು ಒಂದು ಪರೀಕ್ಷೆ ಹೇಳಿಕೊಟ್ಟರು. ಕೋವಿ ಖಾಲಿಯಿದೆ ಎಂದು ಬಿಚ್ಚಿ ನೋಡಿ ಖಚಿತಪಡಿಸಿಕೊ, ಬೇಟೆಗೆ ತೊಡುವ ಜಾಕೆಟ್ಟನ್ನೇ ತೊಟ್ಟುಕೊ, ಯಾರೂ ಇಲ್ಲದ ಗೋಡೆಯ ಮೂಲೆಯೊಂದನ್ನು ನೋಡು, ಕಣ್ಣು ಮುಚ್ಚು, ಕೋವಿಯನ್ನು ಹೆಗಲಿಗೇರಿಸಿ ಕೆನ್ನೆಗೆ ತಾಗಿಸು, ಆಮೇಲೆ ಕಣ್ಣು ತೆರೆ. ಕಣ್ಣು ತೆರೆದಾಗ ನಳಿಗೆಯ ಮೇಲಿನ ಪಟ್ಟಿಯ ನೇರಕ್ಕೆ ತುದಿಯ ಮಣಿ ಕಾಣಿಸಿ, ಅದು ನೋಡಿದ ಮೂಲೆಯ ಮೇಲೆಯೇ ಇದ್ದರೆ ಕೋವಿ ನಿನ್ನದು. ಕತ್ತು ಹೊಂದಿಸಿಕೊಳ್ಳಬೇಕಾಗಿ ಬಂದರೆ ಅದು ಬೇರೆಯವರದು.

ರೈಫಲಿನಲ್ಲಿ ಗುರಿಗಂಬಿ ನೋಡಿ ಹೊಡೆಯುತ್ತೇವೆ. ಚರೆ ಕೋವಿಯಲ್ಲಿ ನೋಟವೆಲ್ಲ ಹಾರುವ ಹಕ್ಕಿಯ ಮೇಲಿರುತ್ತದೆ, ಕೋವಿ ಕಣ್ಣನ್ನು ಹಿಂಬಾಲಿಸುತ್ತದೆ. ಅಲ್ಲಿ ಹಿಂದಿನ ಗುರಿಗಂಬಿ ಎಂದರೆ ನಮ್ಮ ಕಣ್ಣೇ. ಸ್ಟಾಕ್, ಅಂದರೆ ಹೆಗಲಿಗೆ ಒತ್ತುವ ಹಿಂಬದಿ, ಉದ್ದವಾದರೆ ಜಾಕೆಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಕೆನ್ನೆ ತಾಗುವ ಅಂಚು ತಗ್ಗಿದ್ದರೆ ಏಟು ಹಕ್ಕಿಯ ಕೆಳಗೆ ಹೋಗುತ್ತದೆ, ಎತ್ತರವಿದ್ದರೆ ಮೇಲೆ. ಮಳಿಗೆಯ ಕೋವಿಗಳಲ್ಲಿ ಕುದುರೆಯಿಂದ ಸ್ಟಾಕಿನ ತುದಿಗೆ ಸಾಮಾನ್ಯವಾಗಿ 14 ಅಂಗುಲದ ಆಸುಪಾಸು ಅಂತರವಿರುತ್ತದೆ. ಚಳಿಯುಡುಪಿನ ದಪ್ಪವೂ ಸೇರಿದರೆ ನನಗೆ ಅದು ಅರ್ಧ ಅಂಗುಲ ಹೆಚ್ಚು. ಹನ್ನೊಂದು ಕೋವಿಗಳನ್ನು ಕಣ್ಣು ಮುಚ್ಚಿ ಎತ್ತಿದೆ. ಬೆಲೆಚೀಟಿ, ಕೆತ್ತನೆ, ಹೆಸರು ಯಾವುದನ್ನೂ ನೋಡಲಿಲ್ಲ. ಏಳನೆಯದು ಮೊದಲ ಸಲವೇ ಮೂಲೆಗೆ ಬಂದು ನಿಂತಿತು. ಮತ್ತೆ ಹತ್ತು ಸಲ ಎತ್ತಿದೆ, ಹತ್ತೂ ಸಲ ಅಲ್ಲಿಯೇ. ಸ್ಟಾಕಿನ ತುದಿಯಲ್ಲಿ ತೆಳುವಾದ ಬಿಲ್ಲೆಗಳನ್ನು ಸೇರಿಸಿ ಅಥವಾ ತೆಗೆದು ಉದ್ದ ಹೊಂದಿಸಿಕೊಳ್ಳುವ ಅನುಕೂಲವೂ ಅದರಲ್ಲಿತ್ತು.

ಇದಕ್ಕೂ ಮೊದಲು ಪ್ರಬಲ ಕಣ್ಣು ಯಾವುದೆಂದು ತಿಳಿದುಕೊಂಡಿರಬೇಕು. ಎರಡೂ ಕಣ್ಣು ತೆರೆದು ದೂರದ ವಸ್ತುವೊಂದಕ್ಕೆ ಬೆರಳು ತೋರಿಸಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಬೆರಳು ವಸ್ತುವಿನ ಮೇಲೆಯೇ ಉಳಿಯುತ್ತದೋ ಅದೇ ಪ್ರಬಲ ಕಣ್ಣು. ಬಲಗೈಯವರಾಗಿದ್ದು ಎಡಗಣ್ಣು ಪ್ರಬಲವಾಗಿರುವವರು ಕೆಲವರಿದ್ದಾರೆ. ಅವರು ಆರಂಭದಲ್ಲೇ ಎಡಹೆಗಲಿಗೆ ಬದಲಾಯಿಸಿಕೊಳ್ಳುವುದು ಲೇಸು ಎಂದು ನನ್ನ ಅಭಿಪ್ರಾಯ.

ಏಳನೆಯ ಕೋವಿ ಪಂಪ್ ಆಕ್ಷನ್ ಆಗಿತ್ತು, ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ಮುಂದಿನ ತೋಟಾ ತುಂಬಿಸುವಂಥದ್ದು. ನಾನು ಅದನ್ನು ಬಯಸಿ ಹೋಗಿರಲಿಲ್ಲ, ಮುಂದಿನ ತೋಟಾವನ್ನು ತಾನಾಗಿಯೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಬೇಕೆಂದುಕೊಂಡಿದ್ದೆ. ಗ್ಯಾಸ್ ಒತ್ತಡದಿಂದ ನಡೆಯುವ ಸೆಮಿ ಆಟೊಮ್ಯಾಟಿಕ್ ಒದೆತವನ್ನು ಮೃದುವಾಗಿಸುತ್ತದೆ, ನಿಜ. ಆದರೆ ಬೆಲೆ ಹೆಚ್ಚು, ಮಸಿ ಕಟ್ಟಿದರೆ ತೊಡಕು. ಪಂಪ್ ಕೋವಿ ಕೆಸರು, ಮಳೆ, ಮಂಜಿಗೆ ಜಗ್ಗುವುದಿಲ್ಲ. ರೆಮಿಂಗ್ಟನ್ 870, ಮಾಸ್‌ಬರ್ಗ್ 500ರಂಥವು ದಶಕಗಳಿಂದ ಬಾತು ಬೇಟೆಗಾರರ ಕೈಯಲ್ಲಿ ಉಳಿದಿರುವುದೂ ಅದಕ್ಕೇ. ಜೋಡುನಳಿಗೆಯ ಕೋವಿ ಸುಂದರ, ಸುರಕ್ಷಿತ, ಬಿಚ್ಚಿದರೆ ಖಾಲಿಯೋ ತುಂಬಿದೆಯೋ ಎಲ್ಲರಿಗೂ ಕಾಣುತ್ತದೆ. ಆದರೆ ಗಾಯಗೊಂಡ ಹಕ್ಕಿ ನೀರಿಗೆ ಬಿದ್ದು ಈಜತೊಡಗಿದಾಗ ಮೂರನೆಯ ತೋಟಾ ನನಗೆ ಬೇಕು. ಅಮೆರಿಕದಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಇರುವಂತಿಲ್ಲ. ತೋಟಾಗಳಿರುವ ಮ್ಯಾಗಜಿನ್ನಿನೊಳಗೆ ಮರದ ಕಡ್ಡಿಯೊಂದನ್ನು ತುರುಕಿ ಜಾಗ ಕಡಿಮೆ ಮಾಡುತ್ತಾರೆ. ನಾನು ಕೊಂಡ ಕೋವಿಯ ನಳಿಗೆ 28 ಅಂಗುಲದ್ದು. ಅದರ ತೂಕ ಮುಂದಕ್ಕಿರುವುದರಿಂದ ಹೊಡೆದ ಮೇಲೂ ಕೋವಿ ಹಕ್ಕಿಯ ದಾರಿಯಲ್ಲಿ ಸಾಗುತ್ತಲೇ ಇರುತ್ತದೆ.

ಹಳೆಯ ಕೋವಿ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಮೊದಲು ಚರೆಯ ವಿಷಯ ಯೋಚಿಸಬೇಕು. ಜೌಗಿನ ತಳದಲ್ಲಿ ಬಿದ್ದ ಸೀಸದ ಚರೆಯನ್ನು ಬಾತುಗಳು ಸಣ್ಣ ಕಲ್ಲೆಂದು ನುಂಗುತ್ತವೆ. ಅದು ಹೊಟ್ಟೆಯಲ್ಲಿ ಅರೆದು ಕರಗಿ ರಕ್ತಕ್ಕೆ ಸೇರಿ ನಿಧಾನವಾಗಿ ಕೊಲ್ಲುತ್ತದೆ. ಅಂಥ ಬಾತುಗಳನ್ನು ತಿಂದ ಹದ್ದುಗಳೂ ಸಾಯುತ್ತವೆ. ಅಮೆರಿಕ 1991ರಿಂದ ಜಲಪಕ್ಷಿಗಳ ಬೇಟೆಗೆ ಸೀಸವನ್ನು ನಿಷೇಧಿಸಿದೆ, ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿ ನಿಲ್ಲಿಸಿತು, ಐರೋಪ್ಯ ಒಕ್ಕೂಟದ ಜೌಗುಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ಉಕ್ಕು ಸೀಸದಷ್ಟು ಮೆತ್ತಗಿಲ್ಲ. ಹಳೆಯ, ತೆಳು ನಳಿಗೆಯ, ಬಿಗಿಯಾದ ಚೋಕ್ (ಚರೆ ಬೇಗ ಚದುರದಂತೆ ಕಿರಿದಾಗಿಸಿದ ನಳಿಗೆಯ ಬಾಯಿ) ಇರುವ ಕೋವಿಗಳನ್ನು ಅದು ಹಾಳುಮಾಡಬಲ್ಲದು. ಅಂಥ ಕೋವಿ ಇದ್ದರೆ ದುಬಾರಿಯಾದರೂ ಬಿಸ್ಮತ್ ಎಂಬ ಲೋಹದ ಚರೆಯ ತೋಟಾ ಕೊಳ್ಳಬೇಕು. ಉಕ್ಕು ಹಗುರ ಕೂಡ. ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ, ಉಕ್ಕು 7.8. ಬೇಗ ವೇಗ ಕಳೆದುಕೊಳ್ಳುವುದರಿಂದ ಎರಡು ಅಳತೆ ದಪ್ಪದ ಚರೆ ಬೇಕು. ಸೀಸದಲ್ಲಿ 4 ಬಳಸುತ್ತಿದ್ದ ಕಡೆ ಉಕ್ಕಿನಲ್ಲಿ 2. ಇಲ್ಲಿಯೂ ಸಂಖ್ಯೆ ಸಣ್ಣದಾದಷ್ಟೂ ಚರೆ ದಪ್ಪ.

ಕೋವಿ ಮನೆಗೆ ಬಂದ ಮೇಲೆ ಮೂರು ಭಾನುವಾರ ಕಾಗದಕ್ಕೆ ಹೊಡೆದೆ. 40 ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ, ಹೊಡೆದು, ತೂತುಗಳು ದಟ್ಟವಾಗಿರುವ ಕಡೆ 30 ಅಂಗುಲದ ವೃತ್ತ ಎಳೆದು ಎಣಿಸುವುದು. 35 ಗ್ರಾಮಿನ ತೋಟಾದಲ್ಲಿ ಉಕ್ಕಿನ 2ನೇ ಸಂಖ್ಯೆಯ ಚರೆ ಸುಮಾರು 156 ಇರುತ್ತವೆ. ಮಲ್ಲಾರ್ಡಿಗೆ ವೃತ್ತದೊಳಗೆ 90ಕ್ಕಿಂತ ಕಡಿಮೆ ತೂತು ಬೇಡ ಎಂಬುದು ನನಗೆ ಕಲಿಸಿದವರ ಲೆಕ್ಕ. ಸಡಿಲವಾದ ಇಂಪ್ರೂವ್ಡ್ ಸಿಲಿಂಡರ್ ಚೋಕಿನಲ್ಲಿ 74 ಬಂದವು, ಅದಕ್ಕಿಂತ ಬಿಗಿಯಾದ ಮಾಡಿಫೈಡ್ ಚೋಕಿನಲ್ಲಿ 101. ಅದೇ ಚೋಕಿಗೆ ಇನ್ನೊಂದು ಕಂಪನಿಯ ತೋಟಾ ಹಾಕಿದಾಗ 82. ಒಂದೇ ಕೋವಿ, ಒಂದೇ ಚೋಕ್. ತೋಟಾ ಬದಲಾದದ್ದಕ್ಕೆ ಇಷ್ಟು ಅಂತರ. ಎಣಿಸದೆ ಹೋಗಿದ್ದರೆ ಆ 82ರೊಂದಿಗೇ ನೀರಿಗಿಳಿಯುತ್ತಿದ್ದೆ.

101 ತೂತಿನ ಆ ಹಾಳೆ ಕೋವಿಯ ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಕೊಂಡಿದೆ. ತೂತುಗಳು 101 ಇದ್ದರೂ ನಾನು 35 ಗಜದಾಚೆಯ ಹಕ್ಕಿಗೆ ಕೋವಿ ಎತ್ತುವುದಿಲ್ಲ. ಈ ಋತುವಿಗೆ ನನ್ನ ಹಳೆಯ ತೋಟಾ ಸಿಗಲಿಲ್ಲ, ಬೇರೆಯದನ್ನು ತಂದಿದ್ದೇನೆ. ಬರುವ ಭಾನುವಾರ ಮತ್ತೆ ಹಾಳೆ ಕಟ್ಟಬೇಕು.