ತೋಟದ ಪಿಕಪ್: ಕಿಲೋಮೀಟರ್ ಅಲ್ಲ, ಲೀಟರ್ ಲೆಕ್ಕ

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಪಿಕಪ್‌ನಲ್ಲಿ ಮೀಟರ್ ತೊಂಬತ್ತು ಸಾವಿರ ತೋರಿಸುತ್ತಿದ್ದರೂ ಇಂಜಿನ್ ಎರಡು ಲಕ್ಷದ ಸವೆತ ಕಂಡಿರಬಹುದು. ಗಂಟೆಗೆ ಸರಾಸರಿ 40 ಕಿ.ಮೀ. ಓಡುವ ಗಾಡಿಗೆ 10,000 ಕಿ.ಮೀ. ಎಂದರೆ 250 ಗಂಟೆ ದುಡಿಮೆ. ತೋಟದೊಳಗೆ ಒಂದು, ಎರಡನೇ ಗೇರಿನಲ್ಲಿ 15ರ ಸರಾಸರಿಯಲ್ಲಿ ತೆವಳಿದರೆ ಅಷ್ಟೇ ದೂರಕ್ಕೆ 660 ಗಂಟೆ ದಾಟುತ್ತದೆ.

ಹಾಗಾಗಿ ಸರ್ವಿಸ್ ಲೆಕ್ಕವನ್ನು ನಾನು ಇಡುವುದು ಡೀಸೆಲ್ ಲೀಟರಿನಲ್ಲಿ. ಕಂಪನಿ ಪುಸ್ತಕ 10,000 ಕಿ.ಮೀ. ಎಂದಿದ್ದು, ಗಾಡಿ ಒಳ್ಳೆಯ ರಸ್ತೆಯಲ್ಲಿ ಲೀಟರಿಗೆ 12 ಕೊಡುತ್ತಿದ್ದರೆ ಅದು ಸುಮಾರು 830 ಲೀಟರ್. ಬಂಕ್ ಚೀಟಿ ನೋಡಿ ಬರೆದಿಟ್ಟುಕೊಂಡು, 800 ಮುಟ್ಟಿದ ಕೂಡಲೇ ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಿಸುತ್ತೇನೆ. ಲೀಟರಿಗೆ 7 ಬರುವ ತೋಟದ ಓಟದಲ್ಲಿ ಆ ಗಡಿ 5,600 ಕಿ.ಮೀ.ಗೇ ಬಂದುಬಿಡುತ್ತದೆ.

ಹಳೆಯ ಕಾಮನ್ ರೈಲ್ (ಒಂದೇ ಒತ್ತಡದ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಕೊಡುವ) ಇಂಜಿನ್‌ಗೆ 15ಡಬ್ಲ್ಯೂ-40 ದಪ್ಪದ, ಸಿಐ-4 ಪ್ಲಸ್ ದರ್ಜೆಯ ಆಯಿಲ್ ಹಾಕುತ್ತೇನೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಬೂದಿ ಕಡಿಮೆ ಬಿಡುವ, ಪುಸ್ತಕದಲ್ಲಿ ಬರೆದ ದರ್ಜೆಯ ಆಯಿಲ್ಲೇ ಬೇಕು. ಆ ಫಿಲ್ಟರ್‌ನಲ್ಲಿ ಸಿಕ್ಕ ಮಸಿ ರೀಜನರೇಷನ್‌ನಲ್ಲಿ, ಅಂದರೆ ಗಾಡಿ ತಾನೇ ಫಿಲ್ಟರನ್ನು ಕಾಯಿಸಿ ಶುದ್ಧ ಮಾಡಿಕೊಳ್ಳುವಾಗ, ಸುಟ್ಟು ಹೋಗುತ್ತದೆ. ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಗೇಟಿನಿಂದ ಕಣಕ್ಕೆ, ಕಣದಿಂದ ಗೇಟಿಗೆ ಮಾತ್ರ ಓಡುವ ಗಾಡಿಗೆ ಆ ಶಾಖವೂ ಸಿಗದು. ವಾರಕ್ಕೊಮ್ಮೆ ಹಾಸನ–ಬೇಲೂರು ರಸ್ತೆಯಂಥ ಕಡೆ ಅರ್ಧ ಗಂಟೆ 60ರಲ್ಲಿ ಒಂದೇ ಸಮ ಓಡಿಸಬೇಕು. ರೀಜನರೇಷನ್ ಅರ್ಧಕ್ಕೇ ನಿಲ್ಲುತ್ತಿದ್ದರೆ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿತೆಂದರೆ ಗಾಡಿ ಆಯಿಲ್ ಕುಡಿಯುತ್ತಿಲ್ಲ ಎಂದು ಖುಷಿಪಡುವ ಹಾಗಿಲ್ಲ. ತೆಳುವಾದ ಆ ಆಯಿಲ್ ಮೊದಲು ತಿನ್ನುವುದು ಬೇರಿಂಗನ್ನು.

ಇಲ್ಲಿನ ಇಂಜಿನ್‌ಗಳನ್ನು ಹೆಚ್ಚಾಗಿ ಕೊಲ್ಲುವುದು ನೀರು. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಸುರಿದರೆ ಸುಣ್ಣ ಕಟ್ಟುತ್ತದೆ. ಮುಂದಿನ ಘಾಟಿಯಲ್ಲಿ ಬಿಸಿ ಏರಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗದ ಸೀಲು) ಹೊಡೆಯುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ತುಂಬಿಸುತ್ತೇನೆ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ಕವಾಟ) ಕಿತ್ತೆಸೆಯುವ ಅಭ್ಯಾಸ ನಮ್ಮ ಕಡೆ ಇದೆ, ಶುದ್ಧ ತಪ್ಪು. ಮಳೆಗಾಲವಿಡೀ ಇಂಜಿನ್ ತಣ್ಣಗೇ ಓಡಿ ಆಯಿಲ್ ಕೆಸರಾಗುತ್ತದೆ. ಬಿಸಿಗೆ ಕಾರಣ ಹುಡುಕಬೇಕಾದದ್ದು ರೇಡಿಯೇಟರ್ ಜಾಲರಿಯ ಮಣ್ಣಿನಲ್ಲಿ (ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆ ನೀರು ಬಿಟ್ಟು ತೊಳೆಯಿರಿ), ಆಮೇಲೆ ಫ್ಯಾನನ್ನು ಇಂಜಿನ್‌ಗೆ ಜೋಡಿಸುವ ಫ್ಯಾನ್ ಕಪ್ಲಿಂಗ್‌ನಲ್ಲಿ. ಇಂಜಿನ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿದಾಗ ಫ್ಯಾನ್ ಗಿರಗಿರನೆ ಸುತ್ತಿದರೆ ಒಳಗಿನ ಸಿಲಿಕೋನ್ ದ್ರವ ಸೋರಿ ಹೋಗಿದೆ ಎಂದೇ.

ಇನ್ನೊಂದು ನೀರು ತೋಟದಲ್ಲಿ ತುಂಬಿಟ್ಟ ಡ್ರಮ್ ಡೀಸೆಲ್‌ನಲ್ಲಿದೆ. ಅರ್ಧ ಖಾಲಿ ಡ್ರಮ್ಮಿನೊಳಗೆ ತೇವ ಬೆವರಿ ತಳಕ್ಕಿಳಿಯುತ್ತದೆ. ಅದು ಒಳ ಹೊಕ್ಕರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತುಕ್ಕು ಹಿಡಿಯುತ್ತದೆ. ಡ್ರಮ್ಮನ್ನು ಒಂದು ಕಡೆ ವಾಲಿಸಿಟ್ಟು, ಪಂಪಿನ ಪೈಪ್ ತಳದಿಂದ ನಾಲ್ಕು ಇಂಚು ಮೇಲಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಫಿಲ್ಟರ್ ತಳದ ತಿರುಪು ಸಡಿಲಿಸಿ, ಗಾಜಿನ ಬಾಟಲಿಗೆ ನೂರು ಮಿ.ಲೀ. ಬಿಟ್ಟು ನೋಡುತ್ತೇನೆ. ಕೆಳಗೆ ನೀರಿನ ಗೆರೆ ಕಂಡರೆ ತಿಳಿ ಡೀಸೆಲ್ ಬರುವವರೆಗೂ ಬಿಡುತ್ತೇನೆ.

ಕೊಯ್ಲಿನ ಕಾಲದ ಧೂಳಿಗೆ ಏರ್ ಫಿಲ್ಟರ್ ಬದಲಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಫಿಲ್ಟರ್‌ನಿಂದ ಟರ್ಬೊಗೆ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಕೆಂಪು ಧೂಳು ಹತ್ತಿದರೆ ಕ್ಲಿಪ್ ಸಡಿಲವಾಗಿದೆ ಅಥವಾ ಪೈಪ್ ಸೀಳಿದೆ.

ಗೊಬ್ಬರದ ಲೋಡು ಹೊತ್ತು ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿಗೆ ಹತ್ತುವಾಗ ಇಂಜಿನ್ ಗೊಣಗುವ ಮೊದಲೇ ಗೇರ್ ಇಳಿಸಿ, 2,000 ಆರ್‌ಪಿಎಂ ಆಸುಪಾಸಿನಲ್ಲಿಡಿ. ಹತ್ತಿದ ಕೂಡಲೇ ಚಹಾಕ್ಕೆ ನಿಲ್ಲಿಸುವುದಾದರೆ ಎರಡು ನಿಮಿಷ ಐಡ್ಲಿಂಗ್ ಬಿಟ್ಟೇ ಕೀ ತಿರುಗಿಸಬೇಕು. ಇಲ್ಲದಿದ್ದರೆ ಕಾದ ಟರ್ಬೊ ಶಾಫ್ಟ್ ಮೇಲೆ ನಿಂತ ಆಯಿಲ್ ಸುಟ್ಟು ಇದ್ದಿಲಾಗುತ್ತದೆ.